ಮಗುವಿನ ಮೈಮೇಲೆ ದದ್ದು: ಮನೆಯಲ್ಲಿ ಕಾಯುವುದು ಎಲ್ಲಿಯವರೆಗೆ, ಆಸ್ಪತ್ರೆಗೆ ಹೊರಡುವುದು ಯಾವಾಗ

ಹುಟ್ಟಿದಂದಿನಿಂದ ಐದು ವರ್ಷ ತುಂಬುವುದರೊಳಗೆ ಮೈಮೇಲೆ ಒಮ್ಮೆಯೂ ದದ್ದು ಏಳದ ಮಗು ಸಿಗುವುದು ಕಷ್ಟ. ಹೆಚ್ಚಿನ ದದ್ದುಗಳು ಬೆವರಿನಿಂದಲೋ ಹುಳದ ಕಡಿತದಿಂದಲೋ ಸಾಮಾನ್ಯ ವೈರಸ್ ಜ್ವರದಿಂದಲೋ ಬಂದು, ಕೆಲವು ದಿನಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ಅಪರೂಪಕ್ಕೆ ಮಾತ್ರ ಅದೇ ದದ್ದು ರಕ್ತದಲ್ಲಿ ಹಬ್ಬುತ್ತಿರುವ ಸೋಂಕಿನ ಅಥವಾ ಉಸಿರನ್ನೇ ಕಟ್ಟಿಸಬಲ್ಲ ಅಲರ್ಜಿಯ ಮೊದಲ ಹೊರಗುರುತಾಗಿರುತ್ತದೆ. ಇವೆರಡನ್ನು ಬೇರ್ಪಡಿಸಲು ತಂದೆತಾಯಿ ಕಾಯಿಲೆಯ ಹೆಸರನ್ನು ಪತ್ತೆಮಾಡಬೇಕಾಗಿಲ್ಲ. ಅದು ವೈದ್ಯರ ಕೆಲಸ, ಅವರಿಗೂ ಎಷ್ಟೋ ಸಲ ಮೊದಲ ದಿನವೇ ಅದು ಸಾಧ್ಯವಾಗುವುದಿಲ್ಲ. ಈ ಕ್ಷಣವೇ ಹೊರಡಬೇಕೇ, ಇಂದು ನಾಳೆಯೊಳಗೆ ತೋರಿಸಿದರೆ ಸಾಕೇ, ಅಥವಾ ಮನೆಯಲ್ಲಿಯೇ ಗಮನಿಸುತ್ತ ಕಾಯಬಹುದೇ ಎಂಬುದನ್ನಷ್ಟೇ ಮನೆಯವರು ತೀರ್ಮಾನಿಸಬೇಕು.

ಮಲೆನಾಡಿನಲ್ಲಿ ಈ ತೀರ್ಮಾನಕ್ಕೆ ದಾರಿಯ ಲೆಕ್ಕವೂ ಸೇರಿಕೊಳ್ಳುತ್ತದೆ. ಶಿವಮೊಗ್ಗ ಪೇಟೆಯವರಿಗೆ ಮೆಗ್ಗಾನ್ ಆಸ್ಪತ್ರೆ ಕೆಲವು ನಿಮಿಷಗಳ ದೂರದಲ್ಲಿದೆ. ತೀರ್ಥಹಳ್ಳಿಯಿಂದ ಅಲ್ಲಿಗೆ ಸುಮಾರು 60 ಕಿಲೋಮೀಟರ್, ಸಾಗರದಿಂದ ಸುಮಾರು 70; ಹೊಸನಗರದ ಒಳಗಿನ ತೋಟದ ಒಂಟಿಮನೆಯಿಂದಾದರೆ ಟಾರು ರಸ್ತೆ ಮುಟ್ಟುವುದಕ್ಕೇ ಅರ್ಧ ಗಂಟೆ ಬೇಕಾಗಬಹುದು. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುತ್ತದೆ, ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಹಾಗಾಗಿ ‘ರಾತ್ರಿ ಕಳೆಯಲಿ, ಬೆಳಿಗ್ಗೆ ನೋಡೋಣ’ ಎಂಬ ಮಾತನ್ನು ಪೇಟೆಯವರು ಹೇಳಿದಷ್ಟು ಹಗುರವಾಗಿ ಇಲ್ಲಿ ಹೇಳುವಂತಿಲ್ಲ. ಆಸ್ಪತ್ರೆಯಿಂದ ದೂರವಿರುವವರು ಮಧ್ಯಾಹ್ನದ ನಂತರವೂ ಅನುಮಾನ ಉಳಿದಿದ್ದರೆ ಕತ್ತಲಾಗುವ ಮೊದಲೇ ಮಗುವನ್ನು ತೋರಿಸಿಕೊಂಡು ಬರುವುದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಪರೀಕ್ಷಿಸಿದ ವೈದ್ಯರು ‘ಏನೂ ಇಲ್ಲ, ಮನೆಗೆ ಹೋಗಿ’ ಎಂದರೆ ಆ ಪ್ರಯಾಣ ವ್ಯರ್ಥವಾಯಿತೆಂದು ಯಾರೂ ತಿಳಿಯಬೇಕಾಗಿಲ್ಲ.

ಮೊದಲ ಹೆಜ್ಜೆ: ದದ್ದನ್ನು ಬಿಟ್ಟು ಮಗುವನ್ನು ನೋಡಿ

ದದ್ದು ಕಂಡೊಡನೆ ಎಲ್ಲರ ಕಣ್ಣೂ ಅದರ ಮೇಲೆಯೇ ನೆಡುತ್ತದೆ. ಒಂದೆರಡು ನಿಮಿಷ ಅದನ್ನು ಮರೆತು, ಮಗು ಹೇಗಿದೆ ಎಂಬುದನ್ನು ಗಮನಿಸಬೇಕು. ಮೈತುಂಬ ಕೆಂಪು ಗುಳ್ಳೆಗಳಿದ್ದರೂ ಆಡುತ್ತ, ನಗುತ್ತ, ಹಾಲು ಕುಡಿಯುತ್ತಿರುವ ಮಗುವಿಗೆ ಆ ಹೊತ್ತಿನಲ್ಲಿ ದೊಡ್ಡ ಅಪಾಯವಿರುವ ಸಂಭವ ಕಡಿಮೆ. ನಾಲ್ಕೇ ಚುಕ್ಕೆಗಳಿದ್ದು, ಎಬ್ಬಿಸಿದರೂ ಸರಿಯಾಗಿ ಕಣ್ಣು ಬಿಡದ, ಎತ್ತಿಕೊಂಡರೂ ಸಮಾಧಾನವಾಗದ, ಅಥವಾ ಎಂದಿನಂತಿಲ್ಲದೆ ಮಂಕಾಗಿ ಮಲಗಿರುವ ಮಗುವಿನ ವಿಷಯದಲ್ಲಿ ಮಾತ್ರ ತಡಮಾಡಲೇಬಾರದು.

ಉಸಿರನ್ನು ಎಣಿಸುವುದು ಯಾರಿಗೂ ಬರುವ ಪರೀಕ್ಷೆ. ಮಗು ಅಳದೆ ಇರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಒಂದು ಪೂರ್ತಿ ನಿಮಿಷ ಗಡಿಯಾರ ನೋಡಿಕೊಂಡು ಎಣಿಸಿ. ಎರಡು ತಿಂಗಳೊಳಗಿನ ಕೂಸಿನಲ್ಲಿ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದು ವೇಗದ ಉಸಿರು. ಅದರೊಂದಿಗೆ ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ ಕೂಡಲೇ ಹೊರಡಬೇಕು. ಬಳಿಕ ಕೈಕಾಲು ಮುಟ್ಟಿ ನೋಡಿ. ಮೈ ಸುಡುತ್ತಿದ್ದು ಅಂಗೈ ಅಂಗಾಲುಗಳು ತಣ್ಣಗಿದ್ದರೆ, ಅಥವಾ ಎದೆಯ ಚರ್ಮವನ್ನು ಬೆರಳಿನಿಂದ ಐದು ಸೆಕೆಂಡು ಒತ್ತಿ ಬಿಟ್ಟಾಗ ಬಣ್ಣ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ರಕ್ತಸಂಚಾರ ಕುಗ್ಗುತ್ತಿರಬಹುದು. ಆರರಿಂದ ಎಂಟು ಗಂಟೆಗಳಿಂದ ಮೂತ್ರ ಮಾಡದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಕತ್ತು ಬಗ್ಗಿಸಲಾಗದಿರುವುದು, ಎಳೆಗೂಸಿನ ನೆತ್ತಿ ಉಬ್ಬಿರುವುದು, ಫಿಟ್ಸ್ ಬರುವುದು ಕೂಡ ಇದೇ ಸಾಲಿನವು. ಇವುಗಳಲ್ಲಿ ಒಂದಿದ್ದರೂ ಮುಂದಿನ ಹೆಜ್ಜೆಗಳನ್ನು ಓದುತ್ತ ಕೂರದೆ 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ಹೊರಡಿ.

ಎರಡನೆಯ ಹೆಜ್ಜೆ: ವಯಸ್ಸು ಮತ್ತು ಜ್ವರ

ಮೂರು ತಿಂಗಳು ತುಂಬದ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರವಿದ್ದರೆ, ದದ್ದು ಇರಲಿ ಇಲ್ಲದಿರಲಿ, ಅದೇ ದಿನ ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಬೇಕು. ಅಷ್ಟು ಚಿಕ್ಕ ಮಗುವಿನಲ್ಲಿ ಸೋಂಕು ಗಂಟೆಗಳಲ್ಲಿ ಹಬ್ಬುತ್ತದೆ. ಕೆಲವೊಮ್ಮೆ ಜ್ವರದ ಬದಲು ಮೈ ತಣ್ಣಗಾಗುವುದೇ ಅದರ ಗುರುತಾಗಿರುತ್ತದೆ. ಬಾಣಂತಿಕೋಣೆಯ ಬಿಸಿಯಲ್ಲಿ, ಎರಡು ಮೂರು ಪದರ ಬಟ್ಟೆ ಸುತ್ತಿದ ಕೂಸಿನ ಮೈ ಬಿಸಿಯಾಗಿರುವುದು ಸಹಜವಾದ್ದರಿಂದ, ಬಟ್ಟೆ ಸಡಿಲಿಸಿ ಸ್ವಲ್ಪ ಹೊತ್ತು ಬಿಟ್ಟು ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡುವುದು ಸರಿ. ಕೈಯಿಂದ ಮುಟ್ಟಿ ಹೇಳುವ ಜ್ವರವನ್ನು ನಂಬುವಂತಿಲ್ಲ.

ಹುಟ್ಟಿದ ಮೊದಲ ವಾರದಲ್ಲಿ ಮುಖ, ಎದೆ, ಬೆನ್ನಿನ ಮೇಲೆ ಕೆಂಪು ಮಚ್ಚೆಗಳೂ ಅವುಗಳ ನಡುವೆ ಸಣ್ಣ ಹಳದಿ ಬಿಳಿ ತುದಿಗಳೂ ಕಾಣಿಸಿಕೊಂಡು, ಒಂದೆಡೆ ಮಾಯವಾಗಿ ಇನ್ನೊಂದೆಡೆ ಏಳುವುದು ಬಹಳ ಸಾಮಾನ್ಯ; ಮಗು ಚೆನ್ನಾಗಿ ಮೊಲೆಹಾಲು ಕುಡಿಯುತ್ತಿದ್ದರೆ ಅದಕ್ಕೆ ಔಷಧ ಬೇಕಾಗಿಲ್ಲ. ಆದರೆ ನವಜಾತ ಶಿಶುವಿನಲ್ಲಿ ನೀರು ತುಂಬಿದ ಬೊಬ್ಬೆಗಳು, ಕೀವು ತುಂಬಿದ ದೊಡ್ಡ ಗುಳ್ಳೆಗಳು, ಅಥವಾ ಹೊಕ್ಕಳ ಸುತ್ತ ಹರಡುವ ಕೆಂಪು ಕಂಡರೆ ಜ್ವರವಿಲ್ಲದಿದ್ದರೂ ಅದು ತುರ್ತು.

ಮೂರನೆಯ ಹೆಜ್ಜೆ: ಒತ್ತಿ ನೋಡುವುದು

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಇದು. ಪಾರದರ್ಶಕವಾದ ಗಾಜಿನ ಲೋಟದ ಪಕ್ಕವನ್ನು ದದ್ದಿನ ಮೇಲೆ ಗಟ್ಟಿಯಾಗಿ ಒತ್ತಿ, ಗಾಜಿನ ಮೂಲಕ ನೋಡಿ. ಒತ್ತಿದಾಗ ಕೆಂಪು ಮಾಸಿ, ಬಿಟ್ಟಾಗ ಮರಳಿದರೆ ರಕ್ತ ಇನ್ನೂ ರಕ್ತನಾಳದೊಳಗೇ ಇದೆ. ನಾಳಗಳು ಹಿಗ್ಗಿವೆ ಅಷ್ಟೆ. ಒತ್ತಿದರೂ ಚುಕ್ಕೆ ಹಾಗೆಯೇ ಉಳಿದರೆ ರಕ್ತ ನಾಳದಿಂದ ಹೊರಬಂದು ಚರ್ಮದಡಿ ಸೇರಿದೆ ಎಂದರ್ಥ. ನಮ್ಮ ಮನೆಗಳಲ್ಲಿ ಸ್ಟೀಲ್ ಲೋಟಗಳೇ ಹೆಚ್ಚು. ಗಾಜಿನ ಲೋಟವಿಲ್ಲದಿದ್ದರೆ ತೊಳೆದ ಗಾಜಿನ ಬಾಟಲಿಯ ಪಕ್ಕ ಸಾಕು, ಅದೂ ಇಲ್ಲದಿದ್ದರೆ ಎರಡು ಬೆರಳುಗಳಿಂದ ಚರ್ಮವನ್ನು ಎರಡೂ ಬದಿಗೆ ಎಳೆದು ನೋಡಬಹುದು.

ಮಾಸದ ಚುಕ್ಕೆಗಳೊಂದಿಗೆ ಜ್ವರವೂ ಇದ್ದರೆ ಅದು ಮೆದುಳುಪೊರೆಯ ಸೋಂಕು ತರುವ ಬ್ಯಾಕ್ಟೀರಿಯಾ ರಕ್ತಕ್ಕೆ ಹಬ್ಬಿದ್ದರಿಂದ ಇರಬಹುದು, ಡೆಂಗಿ ಇರಬಹುದು, ಬೇರೆ ರಕ್ತಸ್ರಾವದ ಜ್ವರವೂ ಆಗಿರಬಹುದು. ಯಾವುದೇ ಆಗಿದ್ದರೂ ಮನೆಯಲ್ಲಿ ಕಾಯುವ ಪ್ರಶ್ನೆಯಿಲ್ಲ. ಗಂಟೆಗಳಲ್ಲಿ ಚುಕ್ಕೆಗಳು ಹೆಚ್ಚುತ್ತ, ಒಂದಕ್ಕೊಂದು ಕೂಡಿ ನೇರಳೆ ಕಲೆಗಳಾಗುತ್ತಿದ್ದರೆ ಹತ್ತಿರದ ಯಾವ ಆಸ್ಪತ್ರೆಯಾದರೂ ಸರಿ, ಮೊದಲು ಅಲ್ಲಿಗೆ ತಲುಪಿಸಬೇಕು. ದೊಡ್ಡ ಆಸ್ಪತ್ರೆಗೆ ಮುಂದೆ ಕಳುಹಿಸುವ ಮುನ್ನ ಅಲ್ಲಿಯೇ ಚಿಕಿತ್ಸೆ ಆರಂಭಿಸಲು ಸಾಧ್ಯವಾಗುತ್ತದೆ.

ಜ್ವರವಿಲ್ಲದೆ, ಮಗು ಗೆಲುವಾಗಿಯೇ ಇದ್ದು ಇಂಥ ಚುಕ್ಕೆಗಳು ಕಂಡರೆ ಅದೇ ದಿನ ತೋರಿಸಿ ರಕ್ತಪರೀಕ್ಷೆ ಮಾಡಿಸಬೇಕು. ವೈರಸ್ ಸೋಂಕಿನ ಕೆಲವು ವಾರಗಳ ನಂತರ ಪ್ಲೇಟ್‌ಲೆಟ್ ಕುಸಿಯುವ ಸ್ಥಿತಿ ಮಕ್ಕಳಲ್ಲಿ ಉಂಟು. ತೊಡೆ, ಕಾಲು, ಪೃಷ್ಠಗಳ ಮೇಲೆ ಮುಟ್ಟಿದರೆ ಉಬ್ಬಿದಂತೆ ತಿಳಿಯುವ ನೇರಳೆ ಕಲೆಗಳೊಂದಿಗೆ ಹೊಟ್ಟೆನೋವು ಅಥವಾ ಕೀಲುನೋವು ಇದ್ದರೆ ರಕ್ತನಾಳಗಳ ಉರಿಯೂತ ಇರಬಹುದಾದ್ದರಿಂದ ಮೂತ್ರಪರೀಕ್ಷೆಯೂ ಬೇಕಾಗುತ್ತದೆ.

ಈ ಪರೀಕ್ಷೆ ಸುಮ್ಮನೆ ಹೆದರಿಸುವ ಸಂದರ್ಭಗಳೂ ಇವೆ. ಹುಟ್ಟಿನಿಂದಲೇ ಸೊಂಟ, ಪೃಷ್ಠಗಳ ಮೇಲಿರುವ ನೀಲಿ ಬೂದು ಕಲೆ ಒತ್ತಿದರೆ ಮಾಸುವುದಿಲ್ಲ. ನಮ್ಮ ಮಕ್ಕಳಲ್ಲಿ ಅದು ತೀರ ಸಾಮಾನ್ಯ, ನಿರಪಾಯಕಾರಿ. ಇಂಬಳ ಕಚ್ಚಿದ ಜಾಗ, ಚಿಗಟ ಕಚ್ಚಿದ ನಡುಬಿಂದು, ಓಡಾಡುವ ಮಗುವಿನ ಮೊಣಕಾಲ ಕೆಳಗಿನ ಪೆಟ್ಟಿನ ಗುರುತು ಕೂಡ ಮಾಸುವುದಿಲ್ಲ. ಜೋರಾಗಿ ಕೆಮ್ಮಿದ ಅಥವಾ ವಾಂತಿ ಮಾಡಿದ ಮೇಲೆ ಮುಖ, ಕತ್ತಿನಲ್ಲಿ ಮಾತ್ರ ಸಣ್ಣ ಚುಕ್ಕೆಗಳು ಏಳುವುದುಂಟು. ಅವನ್ನು ಕೂಡ ಅದೇ ದಿನ ತೋರಿಸುವುದು ಲೇಸು, ಆದರೆ ದಿಗಿಲುಬೀಳಬೇಕಾಗಿಲ್ಲ. ಇದಕ್ಕೆ ವಿರುದ್ಧವಾದ ತಪ್ಪು ಹೆಚ್ಚು ಅಪಾಯಕರ: ಗಂಭೀರ ಸೋಂಕಿನ ಆರಂಭದಲ್ಲಿ ದದ್ದು ಒತ್ತಿದರೆ ಮಾಸಲೂಬಹುದು. ಮಗು ಮಂಕಾಗಿದ್ದರೆ ಲೋಟದ ಪರೀಕ್ಷೆ ಏನೇ ಹೇಳಲಿ, ಮೊದಲ ಹೆಜ್ಜೆಯ ತೀರ್ಮಾನವೇ ಮೇಲು.

ನಾಲ್ಕನೆಯ ಹೆಜ್ಜೆ: ಬಟ್ಟೆ ಬಿಚ್ಚಿ, ಹಗಲು ಬೆಳಕಿನಲ್ಲಿ ಪೂರ್ತಿ ನೋಡುವುದು

ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದಲ್ಲಿ ದದ್ದು ಪುಸ್ತಕದ ಚಿತ್ರದಷ್ಟು ಕೆಂಪಾಗಿ ಕಾಣುವುದಿಲ್ಲ. ಕಂದು, ನೇರಳೆ, ಕೆಲವೊಮ್ಮೆ ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಗಾಢವಾಗಿ ಮಾತ್ರ ಕಾಣುತ್ತದೆ. ಕಿಟಕಿಯ ಬಳಿ ಮಗುವನ್ನು ಮಲಗಿಸಿ, ಅಂಗೈ, ಅಂಗಾಲು, ಕೆಳರೆಪ್ಪೆಯ ಒಳಬದಿ ಮತ್ತು ಬಾಯಿಯ ಮೇಲಂಗಳವನ್ನು ವಿಶೇಷವಾಗಿ ನೋಡಬೇಕು. ಕಿವಿಯ ಹಿಂದೆ, ಕೂದಲ ನಡುವೆ, ಕಂಕುಳು, ತೊಡೆಸಂದು, ಹೊಕ್ಕಳು, ಬೆರಳುಗಳ ಸಂದು, ಡೈಪರ್ ಅಥವಾ ಲಂಗೋಟಿಯ ಒಳಗಿನ ಭಾಗ ಯಾವುದನ್ನೂ ಬಿಡುವಂತಿಲ್ಲ.

ದದ್ದು ಎಲ್ಲಿ ಆರಂಭವಾಯಿತು ಎಂಬುದು ಬಹಳ ಹೇಳುತ್ತದೆ. ಮೂರು ನಾಲ್ಕು ದಿನ ಜ್ವರ, ಕೆಮ್ಮು, ಮೂಗು ಸೋರುವಿಕೆ, ಕೆಂಗಣ್ಣು ಇದ್ದು, ಬಳಿಕ ಕಿವಿಯ ಹಿಂದೆ ಮತ್ತು ಹಣೆಯ ಕೂದಲಂಚಿನಲ್ಲಿ ಶುರುವಾಗಿ ಕೆಳಕ್ಕಿಳಿಯುವ ದದ್ದು ದಡಾರವಾಗಿರಬಹುದು. ಒಂಬತ್ತು ತಿಂಗಳು ತುಂಬಿದಾಗ ಮತ್ತು 16ರಿಂದ 24 ತಿಂಗಳ ನಡುವೆ ಹಾಕುವ ಎರಡು ಡೋಸ್ ದಡಾರ–ರುಬೆಲ್ಲಾ ಲಸಿಕೆ ತಪ್ಪಿದ್ದರೆ ಈ ಅನುಮಾನ ಬಲವಾಗುತ್ತದೆ. ದಡಾರದಲ್ಲಿ ನ್ಯುಮೋನಿಯಾ, ಭೇದಿ, ಕಣ್ಣಿನ ತೊಂದರೆ ಬರಬಹುದಾದ್ದರಿಂದಲೂ ವಿಟಮಿನ್ ‘ಎ’ ಕೊಡಬೇಕಾಗುವುದರಿಂದಲೂ ವೈದ್ಯರಿಗೆ ತೋರಿಸಲೇಬೇಕು. ಆದರೆ ಮುಂಚೆಯೇ ಫೋನ್ ಮಾಡಿ ತಿಳಿಸಿ, ಇತರ ಮಕ್ಕಳೂ ಗರ್ಭಿಣಿಯರೂ ಕುಳಿತಿರುವ ಕಾಯುವ ಕೋಣೆಗೆ ನೇರವಾಗಿ ಮಗುವನ್ನು ಒಯ್ಯದಿರುವುದು ಸೌಜನ್ಯವೂ ಹೌದು, ಅಗತ್ಯವೂ ಹೌದು. ದದ್ದು ಏಳುವ ನಾಲ್ಕು ದಿನ ಮೊದಲಿನಿಂದ ಎದ್ದ ನಾಲ್ಕು ದಿನದವರೆಗೆ ಅದು ಹರಡುತ್ತದೆ.

ಬಾಯಿಯೊಳಗೆ ಹುಣ್ಣು, ಅಂಗೈ ಅಂಗಾಲುಗಳಲ್ಲಿ ಸಣ್ಣ ಬೊಬ್ಬೆ ಇದ್ದರೆ ಅಂಗನವಾಡಿಗಳಲ್ಲಿ ಒಬ್ಬರಿಂದೊಬ್ಬರಿಗೆ ಹರಡುವ ಕೈ–ಕಾಲು–ಬಾಯಿ ರೋಗವಿರಬಹುದು. ಸಾಮಾನ್ಯವಾಗಿ ಅದು ಏಳರಿಂದ ಹತ್ತು ದಿನಗಳಲ್ಲಿ ಇಳಿಯುತ್ತದೆ. ಬಾಯಿನೋವಿನಿಂದ ಮಗು ನೀರನ್ನೇ ಕುಡಿಯದಿರುವುದು ಅಲ್ಲಿನ ದೊಡ್ಡ ತೊಂದರೆ. ಆರು ತಿಂಗಳಿಂದ ಎರಡು ವರ್ಷದೊಳಗಿನ ಮಗುವಿಗೆ ಮೂರರಿಂದ ಐದು ದಿನ ಜೋರು ಜ್ವರ ಬಂದು, ಜ್ವರ ಬಿಟ್ಟ ಮೇಲೆ ಎದೆ ಬೆನ್ನಿನ ಮೇಲೆ ತಿಳಿಗೆಂಪು ದದ್ದು ಎದ್ದು, ಮಗು ಲವಲವಿಕೆಯಿಂದಿದ್ದರೆ ಅದು ಕಾಯಿಲೆ ಮುಗಿದುದರ ಗುರುತು.

ಐದು ದಿನ ಬಿಡದ ಜ್ವರದೊಂದಿಗೆ ಪಿಸುರಿಲ್ಲದ ಕೆಂಗಣ್ಣು, ಒಡೆದ ಕೆಂಪು ತುಟಿ, ಕೆಂಪಾದ ನಾಲಿಗೆ, ಊದಿದ ಕೈಕಾಲು, ಕತ್ತಿನಲ್ಲಿ ಗಂಟು ಇವುಗಳಲ್ಲಿ ಕೆಲವು ಕೂಡಿಬಂದರೆ ಕಾವಾಸಾಕಿ ಎಂಬ ಕಾಯಿಲೆಯನ್ನು ವೈದ್ಯರು ಯೋಚಿಸುತ್ತಾರೆ. ಅದು ಹೃದಯದ ರಕ್ತನಾಳಗಳನ್ನು ಕೆಡಿಸುತ್ತದೆ. ಜ್ವರ ಶುರುವಾದ ಹತ್ತು ದಿನಗಳೊಳಗೆ ಚಿಕಿತ್ಸೆ ಸಿಗುವುದು ಮುಖ್ಯ. ಆದುದರಿಂದ ಜ್ವರದ ಮೊದಲ ದಿನ ಯಾವುದು ಎಂಬುದನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಡಿ. ಇನ್ನು, ಚರ್ಮ ಮುಟ್ಟಿದರೆ ನೋಯುವುದು, ಸುಟ್ಟಂತೆ ಹಾಳೆ ಹಾಳೆಯಾಗಿ ಸುಲಿಯುವುದು, ಬಾಯಿ, ಕಣ್ಣು, ಗುಪ್ತಾಂಗಗಳಲ್ಲಿ ಒಟ್ಟಿಗೆ ಹುಣ್ಣಾಗುವುದು ಎಲ್ಲವೂ ತುರ್ತಿನವು.

ಐದನೆಯ ಹೆಜ್ಜೆ: ಕಳೆದ ಎರಡು ಮೂರು ವಾರಗಳನ್ನು ನೆನಪಿಸಿಕೊಳ್ಳುವುದು

ಮಲೆನಾಡಿನ ಮಟ್ಟಿಗೆ ಇದೇ ನಿರ್ಣಾಯಕ ಹೆಜ್ಜೆ. ಮಗು ಎಲ್ಲಿ ಆಡಿತು, ಏನು ಮುಟ್ಟಿತು, ಮನೆಗೆ ಏನು ಬಂತು, ಯಾವ ಔಷಧ ಕುಡಿಯಿತು ಎಂಬುದನ್ನು ತಾಯಿ ಮಾತ್ರವಲ್ಲ, ಮಗುವನ್ನು ಎತ್ತಿಕೊಂಡು ತಿರುಗುವ ಅಜ್ಜ ಅಜ್ಜಿಯರನ್ನೂ ಕೇಳಬೇಕು.

ಮಂಗನ ಕಾಯಿಲೆಯ ಭಯ ಇಲ್ಲಿ ಸಹಜ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಉಣ್ಣೆಗಳಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ಅದರಲ್ಲಿ ಮೈಮೇಲಿನ ದದ್ದು ಮುಖ್ಯ ಲಕ್ಷಣವೇ ಅಲ್ಲ ಎಂಬುದನ್ನು ತಿಳಿದಿರಬೇಕು. ಇದ್ದಕ್ಕಿದ್ದಂತೆ ಏರುವ ಜ್ವರ, ತೀವ್ರ ತಲೆನೋವು, ಮೈಕೈ ನೋವು, ವಾಂತಿ, ಬಳಿಕ ಮೂಗು ಒಸಡುಗಳಲ್ಲಿ ರಕ್ತ ಬರುವುದು ಅದರ ದಾರಿ. ಹತ್ತಿರದ ಕಾಡಿನಲ್ಲಿ ಮಂಗ ಸತ್ತಿದ್ದರೆ, ದರಗು ತರಲು ಹೋದವರ ಜೊತೆ ಮಗುವೂ ಹೋಗಿದ್ದರೆ, ಅಥವಾ ಕಾಡಿನಿಂದ ಬಂದ ದನದ ಮೈಯ ಉಣ್ಣೆ ಮಗುವಿಗೆ ಹತ್ತಿದ್ದರೆ, ಜ್ವರ ಬಂದ ಮೊದಲ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಅಷ್ಟನ್ನೂ ಹೇಳಬೇಕು. ಸತ್ತ ಮಂಗ ಕಂಡ ವಿಷಯವನ್ನು ಆಶಾ ಕಾರ್ಯಕರ್ತೆಗೆ ತಿಳಿಸುವುದರಿಂದ ಇಡೀ ಊರಿಗೆ ಉಪಕಾರವಾಗುತ್ತದೆ.

ಉಣ್ಣೆ ಕಚ್ಚಿಕೊಂಡಿದ್ದರೆ ಬೀಡಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು, ಬರಿಗೈಯಲ್ಲಿ ಚಿವುಟುವುದು ಬೇಡ. ಸಣ್ಣ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆಳೆದು, ಜಾಗವನ್ನು ಸೋಪಿನಿಂದ ತೊಳೆದು, ದಿನಾಂಕ ಬರೆದಿಡಿ.

ಇದಕ್ಕಿಂತ ಕಡಿಮೆ ಮಾತಾಡುವ, ಆದರೆ ನನ್ನ ಮಟ್ಟಿಗೆ ಹೆಚ್ಚು ಗಮನ ಬೇಡುವ ಇನ್ನೊಂದು ಜ್ವರವಿದೆ: ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿಗಳು ಕಚ್ಚಿ ಇದು ಬರುತ್ತದೆ. ಮಳೆಗಾಲದಲ್ಲೂ ಅದು ಕಳೆದ ತಿಂಗಳುಗಳಲ್ಲೂ ಹೆಚ್ಚು. ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟ ಗುರುತಿನಂಥ ಕಪ್ಪು ಹಕ್ಕಳೆ ಆಗುತ್ತದೆ. ಅದು ನೋಯುವುದಿಲ್ಲ, ತುರಿಸುವುದಿಲ್ಲ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಅಡಗಿರುತ್ತದೆ; ನಾಲ್ಕನೆಯ ಹೆಜ್ಜೆಯಲ್ಲಿ ಮೈಯ ಮೂಲೆಮೂಲೆ ನೋಡಲು ಹೇಳಿದ್ದಕ್ಕೆ ಇದೇ ದೊಡ್ಡ ಕಾರಣ. ಐದಾರು ದಿನ ಇಳಿಯದ ಜ್ವರವಿರುವ ಮಗುವಿನಲ್ಲಿ ಆ ಒಂದು ಕಲೆ ಸಿಕ್ಕರೆ ವೈದ್ಯರ ಅರ್ಧ ಕೆಲಸ ಮುಗಿಯುತ್ತದೆ, ಸರಿಯಾದ ಔಷಧಕ್ಕೆ ಜ್ವರ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಬಗ್ಗುತ್ತದೆ. ಕೆಲವರಿಗೆ ಕಲೆ ಇರುವುದೇ ಇಲ್ಲ, ಹಾಗಾಗಿ ಅದು ಕಾಣಲಿಲ್ಲವೆಂದು ಸುಮ್ಮನಿರುವಂತಿಲ್ಲ. ಉಣ್ಣೆಯಿಂದ ಬರುವ ಟೈಫಸ್ ಜ್ವರದಲ್ಲಿ ದದ್ದು ಅಂಗೈ ಅಂಗಾಲುಗಳಿಗೂ ಹಬ್ಬುತ್ತದೆ.

ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು ಎಂಬುದು ಅನೇಕರಿಗೆ ತಿಳಿದಿಲ್ಲ. ಮೂರರಿಂದ ಏಳನೆಯ ದಿನದ ನಡುವೆ ಮೈ ತಣ್ಣಗಾದ ಮೇಲೆ ಹೊಟ್ಟೆನೋವು, ಪದೇಪದೇ ವಾಂತಿ, ಚಡಪಡಿಕೆ ಅಥವಾ ಮಂಪರು, ತಣ್ಣನೆಯ ಕೈಕಾಲು, ಒಸಡಿನಲ್ಲಿ ರಕ್ತ ಕಂಡರೆ ‘ಜ್ವರ ಬಿಟ್ಟಿದೆಯಲ್ಲ’ ಎಂದು ಸಮಾಧಾನಪಡದೆ ಆಸ್ಪತ್ರೆಗೆ ಧಾವಿಸಬೇಕು.

ಜ್ವರವಿಲ್ಲದ ದದ್ದುಗಳಿಗೆ ತೋಟ ಮತ್ತು ಹಿತ್ತಲಿನಲ್ಲಿ ಕಾರಣಗಳು ಬೇಕಾದಷ್ಟಿವೆ. ಕಂಬಳಿಹುಳ ತಾಗಿದ್ದರೆ ಜಾಗವನ್ನು ಉಜ್ಜದೆ, ಅಂಟುಪಟ್ಟಿಯನ್ನು ಒತ್ತಿ ಎಳೆದು ರೋಮಗಳನ್ನು ತೆಗೆದು, ನೀರಿನಲ್ಲಿ ತೊಳೆದು, ಬಟ್ಟೆ ಬದಲಿಸಬೇಕು. ರೋಮ ಕಣ್ಣಿಗೆ ಹೋಗಿದ್ದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಹೊಳೆಗೇರು ಮರದ ಹಾಲು, ಹಸಿ ಗೇರುಬೀಜದ ಎಣ್ಣೆ, ಮಾವಿನ ಸೊನೆ ತಾಗಿದರೆ ಚರ್ಮ ಬೊಬ್ಬೆಯೇಳುತ್ತದೆ. ಮಳೆಗಾಲದ ರಾತ್ರಿ ದೀಪಕ್ಕೆ ಬರುವ ಸಣ್ಣ ಕೆಂಪು ಕಪ್ಪು ಹುಳವೊಂದನ್ನು ಮೈಮೇಲೆ ಉಜ್ಜಿದರೆ ಮರುದಿನ ಗೆರೆ ಎಳೆದಂತೆ ಉರಿಯುವ ಬೊಬ್ಬೆ ಏಳುತ್ತದೆ. ಇದನ್ನು ಸರ್ಪಸುತ್ತು ಎಂದುಕೊಂಡು ಮಂತ್ರ ಹಾಕಿಸುವವರಿದ್ದಾರೆ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಮೈಲುತುತ್ತ, ಸುಣ್ಣ ಕಲಸಿದ ಡ್ರಮ್ಮಿನ ಬಳಿ ಮಗು ಸುಳಿಯದಂತೆ ನೋಡಿಕೊಳ್ಳಿ, ತಾಗಿದರೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಿರಿ. ಮುಖ, ಕಣ್ಣು, ಗುಪ್ತಾಂಗದ ಬಳಿ ಬೊಬ್ಬೆಯಾದರೆ ಮನೆಮದ್ದು ಬೇಡ.

ಹೆಜ್ಜೇನು ಅಥವಾ ಕಣಜ ಕಚ್ಚಿದ ಮೇಲೆ, ಹೊಸ ಆಹಾರ ತಿಂದ ಮೇಲೆ, ಔಷಧ ಕುಡಿದ ಮೇಲೆ ಮೈತುಂಬ ಪಿತ್ತದ ಗಂಧೆ ಎದ್ದು, ತುಟಿ ನಾಲಿಗೆ ಊದುವುದು, ಧ್ವನಿ ಕಟ್ಟುವುದು, ಉಸಿರಿನಲ್ಲಿ ಸುಂಯ್ ಎನ್ನುವ ಶಬ್ದ, ಒಂದರ ಮೇಲೊಂದು ವಾಂತಿ, ಮಗು ಕುಸಿಯುವುದು ಇವುಗಳಲ್ಲಿ ಒಂದು ಸೇರಿದರೂ ನಿಮಿಷಗಳ ಲೆಕ್ಕದಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಬೇಕು. ಮಗುವನ್ನು ಮಲಗಿಸಿ ಕಾಲನ್ನು ಮೇಲೆತ್ತಿ ಇರಿಸಿ, ಉಸಿರಿಗೆ ಕಷ್ಟವಾಗುತ್ತಿದ್ದರೆ ಕೂರಲು ಬಿಡಿ, ಅತಿ ಸಮೀಪದ ಆಸ್ಪತ್ರೆಗೆ ಒಯ್ಯಿರಿ. ಬರಿಯ ಗಂಧೆಗಳಿದ್ದು ಮಗು ಆರಾಮವಾಗಿದ್ದರೆ ಅದು ತುರ್ತಲ್ಲ. ಆದರೂ ಹೊಸ ಔಷಧ ಕೊಟ್ಟ ಮೇಲೆ ಬಂದ ಯಾವುದೇ ದದ್ದಿಗೆ ಮುಂದಿನ ಡೋಸ್ ಕೊಡುವ ಮೊದಲು ಔಷಧ ಬರೆದವರನ್ನು ಕೇಳಲೇಬೇಕು.

ಆರನೆಯ ಹೆಜ್ಜೆ: ಕಾಯುವುದಾದರೆ ಹೇಗೆ ಕಾಯಬೇಕು

ಇಷ್ಟೆಲ್ಲ ನೋಡಿದ ಮೇಲೂ ಅಪಾಯದ ಗುರುತು ಕಾಣದಿದ್ದರೆ ಮನೆಯಲ್ಲಿ ಕಾಯಬಹುದು. ಕಾಯುವುದೆಂದರೆ ಸುಮ್ಮನಿರುವುದಲ್ಲ. ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಫೋಟೋ ತೆಗೆಯಿರಿ. ಕೆಂಪು ಹರಡುತ್ತಿದೆಯೆನಿಸಿದರೆ ಅದರ ಅಂಚಿಗೆ ಪೆನ್ನಿನಿಂದ ಗೆರೆ ಹಾಕಿ ಸಮಯ ಬರೆದಿಡಿ. ಜ್ವರವಿದ್ದರೆ ಮೂರು ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಒಮ್ಮೆ ಎದ್ದು, ಲೋಟದ ಪರೀಕ್ಷೆಯನ್ನು ಮತ್ತೆ ಮಾಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಸಾಕು. ಮೂರು ತಿಂಗಳು ದಾಟಿದ ಮಗುವಿಗೆ ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಅಂಗಡಿಯಲ್ಲಿ ಸಿಗುವ ಹನಿಗಳಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ, ಸಿರಪ್‌ಗಳಲ್ಲಿ ಐದು ಮಿಲಿಲೀಟರಿಗೆ 120, 125 ಅಥವಾ 250 ಮಿಲಿಗ್ರಾಂ ಇರುತ್ತದೆ. ಹನಿಯ ಔಷಧವನ್ನು ಸಿರಪ್ ಎಂದುಕೊಂಡು ಚಮಚದಲ್ಲಿ ಕುಡಿಸಿದರೆ ಪ್ರಮಾಣ ಹಲವು ಪಟ್ಟಾಗುತ್ತದೆ. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ ಎಂದರೆ ಹನಿಗಳಲ್ಲಿ ಒಂದೂವರೆ ಮಿಲಿಲೀಟರ್, 250ರ ಸಿರಪ್‌ನಲ್ಲಿ ಮೂರು ಮಿಲಿಲೀಟರ್. ಶೀಶೆಯ ಮೇಲಿನ ಅಂಕಿಯನ್ನು ಕನ್ನಡಕ ಹಾಕಿಕೊಂಡು ಓದಿ. ಡೆಂಗಿ, ಸೀತಾಳೆ ಸಿಡುಬಿನ ಸಂದೇಹವಿದ್ದಾಗ ಐಬುಪ್ರೊಫೇನ್ ಮತ್ತು ಆಸ್ಪಿರಿನ್ ಕೊಡಲೇಬಾರದು.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ, ಸ್ಟೀರಾಯ್ಡ್, ಆಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಕ್ರೀಮುಗಳ ಬಗ್ಗೆ ಕಟುವಾಗಿಯೇ ಹೇಳಬೇಕಾಗಿದೆ. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಅರೆಬರೆ ಒಣಗಿದ ಬಟ್ಟೆ ತೊಡಿಸಿ ಮಗುವಿಗೆ ಹುಳುಕಡ್ಡಿ ಆಗಿರುತ್ತದೆ. ಕ್ರೀಮು ಹಚ್ಚಿದ ಎರಡು ದಿನ ತುರಿಕೆ ನಿಲ್ಲುತ್ತದೆ, ಬಿಟ್ಟೊಡನೆ ದುಪ್ಪಟ್ಟಾಗಿ ಮರಳುತ್ತದೆ, ಆಕಾರ ಕೆಟ್ಟು ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ರಾತ್ರಿ ಹೆಚ್ಚುವ, ಮನೆಯ ಇನ್ನೊಬ್ಬರಿಗೂ ಇರುವ ತುರಿಕೆ ಕಜ್ಜಿಯಾಗಿರಬಹುದು. ಅದಕ್ಕೆ ವೈದ್ಯರು ಬರೆದ ಔಷಧವನ್ನು ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳದೆ ಬಿಡುಗಡೆಯಿಲ್ಲ. ಬೆವರುಸಾಲೆಗೆ ತೆಳು ಹತ್ತಿಬಟ್ಟೆ, ಗಾಳಿ, ಉಗುರುಬೆಚ್ಚನೆಯ ನೀರಿನ ಸ್ನಾನ ಸಾಕು. ಎಣ್ಣೆ ಹಚ್ಚಿದರೆ ರಂಧ್ರ ಮುಚ್ಚಿ ಹೆಚ್ಚಾಗುತ್ತದೆ. ಡೈಪರ್ ಜಾಗದ ಕೆಂಪಿಗೆ ಜಿಂಕ್ ಆಕ್ಸೈಡ್ ಲೇಪ ಹಚ್ಚಿ ಮೂರು ದಿನ ನೋಡಿ, ಇಳಿಯದಿದ್ದರೆ ತೋರಿಸಿ.

ಸೀತಾಳೆ ಸಿಡುಬು ಬಂದಾಗ ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನಸೊಪ್ಪು ಹಾಸಿ ಮಗುವನ್ನು ಬೇರೆಯಾಗಿ ಮಲಗಿಸುವ ರೂಢಿಯಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಬೇರೆ ಇಡುವುದು ಸೋಂಕು ತಡೆಯಲು ಬೇಕಾದ್ದೇ, ಎಲ್ಲ ಗುಳ್ಳೆಗಳೂ ಹಕ್ಕಳೆಯಾಗುವವರೆಗೆ ಹಾಗೆಯೇ ಇಡಬೇಕು. ಸ್ನಾನ ನಿಲ್ಲಿಸುವುದು, ಊಟ ಕಡಿಮೆ ಮಾಡುವುದು, ಜ್ವರ ಮರಳಿದರೂ ವೈದ್ಯರನ್ನು ಕರೆಯದಿರುವುದು ಮಾತ್ರ ಹಾನಿಕರ. ಗುಳ್ಳೆಯ ಸುತ್ತ ಚರ್ಮ ಬಿಸಿಯಾಗಿ ಊದಿದರೆ, ಉಸಿರು ವೇಗವಾದರೆ, ನಡೆ ತೂಗಾಡಿದರೆ ಕೂಡಲೇ ಹೋಗಬೇಕು. ಅರಿಶಿನ, ಕೆಮ್ಮಣ್ಣು, ಸುಣ್ಣ ಮುಂತಾದ ಲೇಪಗಳನ್ನು ತೋರಿಸುವ ಮೊದಲು ಹಚ್ಚಬೇಡಿ. ದದ್ದಿನ ಬಣ್ಣವೇ ಮರೆಯಾಗುತ್ತದೆ, ಸುಣ್ಣವಂತೂ ಎಳೆಯ ಚರ್ಮವನ್ನು ಸುಡುತ್ತದೆ.

ಹೊರಡುವಾಗ ಮತ್ತು ಬಂದ ಮೇಲೆ

ತಾಯಿ ಕಾರ್ಡ್, ಕೊಟ್ಟ ಔಷಧಗಳ ಶೀಶೆ, ತೆಗೆದ ಫೋಟೋಗಳು, ಜ್ವರ ಮತ್ತು ದದ್ದು ಶುರುವಾದ ದಿನಾಂಕ, ಕಾಡು, ದನ, ಉಣ್ಣೆಯ ಸಂಪರ್ಕ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಗಾಬರಿಯಲ್ಲಿ ಏನೂ ಮರೆಯುವುದಿಲ್ಲ. ದಾರಿಯಲ್ಲಿ ಮೊಲೆಹಾಲು, ನೀರು ಕೊಡುತ್ತಿರಿ. ಮಂಪರಿನಲ್ಲಿರುವ ಮಗುವಿನ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ.

ವೈದ್ಯರು ನೋಡಿ ಮನೆಗೆ ಕಳುಹಿಸಿದ ಮೇಲೂ ಮೊದಲ ಹೆಜ್ಜೆಯ ಗುರುತುಗಳಲ್ಲಿ ಯಾವುದಾದರೂ ಹೊಸದಾಗಿ ಕಂಡರೆ ‘ಈಗಷ್ಟೇ ತೋರಿಸಿದ್ದೇವೆ’ ಎಂಬ ಸಂಕೋಚವಿಲ್ಲದೆ ಮತ್ತೆ ಹೋಗಬೇಕು. ಜೇನಿನ ಬಣ್ಣದ ಹಕ್ಕಳೆ ಕಟ್ಟುವ ಕೀವುಗುಳ್ಳೆ ಆಗಿದ್ದ ಮಗುವನ್ನು, ಗುಳ್ಳೆ ವಾಸಿಯಾದ ಮೇಲೂ ಆರು ವಾರಗಳವರೆಗೆ ಗಮನಿಸುತ್ತಿರಿ: ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ಮೂತ್ರ ಕಡಿಮೆಯಾಗುವುದು, ಮೂತ್ರದ ಬಣ್ಣ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು ಮೂತ್ರಪಿಂಡದ ಉರಿಯೂತದ ಗುರುತು. ಅದು ಕಂಡ ದಿನವೇ ಹಳೆಯ ಚೀಟಿಯೊಂದಿಗೆ ಆಸ್ಪತ್ರೆಗೆ ಹೋಗಿ, ಕೀವುಗುಳ್ಳೆ ಆಗಿತ್ತು ಎಂಬುದನ್ನು ಮೊದಲೇ ಹೇಳಿ ರಕ್ತದೊತ್ತಡ ಮತ್ತು ಮೂತ್ರದ ಪರೀಕ್ಷೆ ಮಾಡಿಸಬೇಕು.